ಕಂಪನಿ ಕಟ್ಟುವ ಮುನ್ನ ಕಣದ ಲೆಕ್ಕ ಹಾಕಿ



ಕಂಪನಿ ಎಂಬ ಮಾತು ನಮ್ಮ ಕಿವಿಗೆ ಒಳ್ಳೆಯ ಮಾತಾಗಿ ಬಿದ್ದದ್ದೇ ಕಡಿಮೆ. ವ್ಯಾಪಾರಕ್ಕೆಂದು ಹಡಗಿನಲ್ಲಿ ಬಂದು ದೇಶವನ್ನೇ ನುಂಗಿದ್ದು ಒಂದು ಕಂಪನಿ. ನಮ್ಮ ಬೀಜದ ಮೇಲೆ ಕಣ್ಣಿಟ್ಟು ಬಂದದ್ದೂ ಕಂಪನಿಯೇ. 1992ರ ಡಿಸೆಂಬರ್ 29ರಂದು ರೈತ ಸಂಘದ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಬೆಂಕಿ ಹಚ್ಚಿದರು. ಮರುವರ್ಷ ಜುಲೈನಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿ ಕಟ್ಟುತ್ತಿದ್ದ ಬೀಜದ ಘಟಕವನ್ನು ಕೆಡವಿದರು. ಅಂಥ ಚಳವಳಿ ನಡೆದ ನಾಡಿನ ಹಳ್ಳಿಗಳಿಗೆ ಇವತ್ತು ಜೀಪಿನಲ್ಲಿ ಬಂದಿಳಿದು, ಅರಳಿಕಟ್ಟೆಯ ಮೇಲೆ ನಮ್ಮನ್ನು ಕೂರಿಸಿ, "ನೀವೇ ಒಂದು ಕಂಪನಿ ಮಾಡ್ಕೊಳ್ರಿ, ನಿಮ್ಮ ಕಷ್ಟ ಎಲ್ಲ ಬಗೆಹರೀತದೆ" ಅಂತ ಹೇಳುತ್ತಿದ್ದಾರೆ.

ಇದನ್ನು ಕೇಳಿ ನಮ್ಮಲ್ಲಿ ಕೆಲವರು ಸಿಡಿದೇಳುತ್ತಾರೆ. ಇನ್ನು ಕೆಲವರು ಒಂದು ಕಾಗದವನ್ನೂ ಓದದೆ ಆಧಾರ್ ಕಾರ್ಡು, ಪಹಣಿ, ಎರಡು ಫೋಟೋ, ಮೇಲೊಂದು ಸಾವಿರ ರೂಪಾಯಿ ಕೊಟ್ಟು ಮನೆಗೆ ಬಂದುಬಿಡುತ್ತಾರೆ. ಎರಡೂ ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಂಪನಿ ಅನ್ನುವುದೂ ನೇಗಿಲಿನ ಹಾಗೆ ಒಂದು ಸಲಕರಣೆ. ಅದರ ಹಿಡಿ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಸಾಲು ನೆಟ್ಟಗೆ ಬರುತ್ತದೋ ಸೊಟ್ಟಗೆ ಬರುತ್ತದೋ ನಿಂತಿದೆ. ಆದ್ದರಿಂದ ಸಹಿ ಹಾಕುವ ಮುಂಚೆ ಈ ಕಂಪನಿ ಏನು, ಅದಕ್ಕೆ ಎಷ್ಟು ದುಡ್ಡು ಬೇಕು, ಎಷ್ಟು ಮಾಲು ಬೇಕು, ಮುಳುಗಿದರೆ ಯಾರ ತಲೆಗೆ ಬರುತ್ತದೆ ಅನ್ನುವುದನ್ನು ನಾವು ನಾವೇ ಕೂತು ಲೆಕ್ಕ ಹಾಕಬೇಕು.

ಕಾಯಿದೆ ಏನು ಹೇಳುತ್ತದೆ

ಅರ್ಥಶಾಸ್ತ್ರಜ್ಞ ವೈ.ಕೆ. ಅಲಘ್ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ 2002ರಲ್ಲಿ ಕಂಪನಿ ಕಾಯಿದೆಗೆ ತಿದ್ದುಪಡಿ ಮಾಡಿ ಉತ್ಪಾದಕರ ಕಂಪನಿ ಎಂಬ ಹೊಸ ಬಗೆಯನ್ನು ಸೇರಿಸಿದರು. 2003ರ ಫೆಬ್ರವರಿಯಿಂದ ಅದು ಜಾರಿಗೆ ಬಂತು. 2020ರ ತಿದ್ದುಪಡಿಯ ಮೂಲಕ ಅದೇ ನಿಯಮಗಳನ್ನು 2013ರ ಕಂಪನಿ ಕಾಯಿದೆಯ 21-ಎ ಅಧ್ಯಾಯವಾಗಿ ಸೇರಿಸಿದ್ದಾರೆ. ಬೇಸಾಯ, ಹೈನು, ತೋಟಗಾರಿಕೆ, ಮೀನುಗಾರಿಕೆ, ಜೇನು, ಕೈಮಗ್ಗ ಇಂಥ ಕಸುಬು ಮಾಡುವ 10 ಜನ ಸೇರಿದರೆ ಸಾಕು, ಕಂಪನಿ ನೋಂದಾಯಿಸಬಹುದು. ಸದಸ್ಯರ ಸಂಖ್ಯೆಗೆ ಮೇಲಿನ ಮಿತಿ ಇಲ್ಲ.

ಈ ಕಾಯಿದೆಯಲ್ಲಿ ನಮಗೆ ಅನುಕೂಲವಾದ ಮಾತುಗಳು ಕೆಲವಿವೆ. ಅವನ್ನು ಮೊದಲು ಹೇಳುತ್ತೇನೆ. ಒಬ್ಬನ ಹತ್ತಿರ ಒಂದು ಷೇರಿರಲಿ, ನೂರು ಷೇರಿರಲಿ, ಅವನಿಗೆ ಒಂದೇ ಓಟು. ಟಾಟಾ, ಬಿರ್ಲಾ ಕಂಪನಿಯಲ್ಲಿ ಹಾಗಿಲ್ಲ. ಅಲ್ಲಿ ದುಡ್ಡಿಗೆ ಓಟು, ಇಲ್ಲಿ ಮನುಷ್ಯನಿಗೆ ಓಟು. ಷೇರನ್ನು ಹೊರಗಿನವರಿಗೆ ಮಾರುವ ಹಾಗಿಲ್ಲ. ಮಂಡಳಿಯ ಒಪ್ಪಿಗೆ ಪಡೆದು ಇನ್ನೊಬ್ಬ ಸದಸ್ಯನಿಗೆ ಮುಖಬೆಲೆಗೇ ಬಿಟ್ಟುಕೊಡಬೇಕು. ಷೇರು ಪೇಟೆಯ ಜೂಜು ಇದರ ಹತ್ತಿರ ಸುಳಿಯುವಂತಿಲ್ಲ. ಕಂಪನಿಯ ವ್ಯಾಪಾರಕ್ಕೆ ಎದುರಾದ ವ್ಯಾಪಾರ ಇರುವವನು ಸದಸ್ಯನಾಗುವ ಹಾಗೇ ಇಲ್ಲ. ಅಂದರೆ ನೀವು ಕೊಬ್ಬರಿ ಮಾರುವ ಕಂಪನಿ ಮಾಡಿದರೆ ಕೊಬ್ಬರಿ ಮಂಡಿಯ ಸಾಹುಕಾರ, ತಾನೂ ನಾಲ್ಕು ಎಕರೆ ತೋಟದ ರೈತ ಅಂತ ಹೇಳಿಕೊಂಡು ಒಳಗೆ ಬಂದು ಕೂರುವಂತಿಲ್ಲ. ರಾಜಕೀಯ ಪಕ್ಷಕ್ಕೆ ಕಂಪನಿಯ ಒಂದು ಕಾಸೂ ಹೋಗಬಾರದು ಅಂತಲೂ ಕಾಯಿದೆಯಲ್ಲೇ ಬರೆದಿದೆ. ನಿರ್ದೇಶಕನಿಗೋ ಅವನ ನೆಂಟನಿಗೋ ಸಾಲ ಕೊಡಬೇಕಾದರೆ ಮಹಾಸಭೆಯಲ್ಲಿ ಸದಸ್ಯರು ಒಪ್ಪಬೇಕು.

ಲಾಭ ಹಂಚುವ ರೀತಿಯೂ ಬೇರೆ. ಷೇರು ಹಣಕ್ಕೆ ಕೊಡುವ ಡಿವಿಡೆಂಡಿಗೆ ಮಿತಿ ಇದೆ. ಆಮೇಲೆ ಉಳಿದದ್ದರಲ್ಲಿ ಯಾರು ಕಂಪನಿಗೆ ಎಷ್ಟು ಮಾಲು ಹಾಕಿದರೋ ಆ ಪ್ರಮಾಣಕ್ಕೆ ಬೋನಸ್ಸು ಕೊಡಬಹುದು. ಹಾಲಿನ ಡೇರಿಯಲ್ಲಿ ವರ್ಷದ ಕೊನೆಗೆ ಬೋನಸ್ಸು ಎಣಿಸಿಕೊಂಡವರಿಗೆ ಇದು ಹೊಸದಲ್ಲ. ದುಡ್ಡು ಹಾಕಿ ಸುಮ್ಮನೆ ಕೂತವನಿಗಿಂತ ಚೀಲ ತಂದು ಸುರಿದವನಿಗೆ ಹೆಚ್ಚು ಸಿಗಬೇಕು. ಈ ನ್ಯಾಯವನ್ನು ನಾವು ಒಪ್ಪಬೇಕು.

ಸಹಕಾರ ಸಂಘ ಸಾಲದೇ?

ಇಲ್ಲಿ ನೀವು ಕೇಳಬಹುದು: "ಇಷ್ಟೆಲ್ಲ ಸಹಕಾರ ಸಂಘದಲ್ಲೂ ಇತ್ತಲ್ಲ, ಮತ್ತೆ ಕಂಪನಿ ಯಾಕೆ?" ಕೇಳಬೇಕಾದ ಪ್ರಶ್ನೆ. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಬಡ್ಡಿ ಸಾಹುಕಾರನ ಕೈಯಿಂದ ರೈತನನ್ನು ಬಿಡಿಸುವುದು ಅದರ ಉದ್ದೇಶ. ಅಡಿಕೆ ಬೆಲೆ ಬಿದ್ದು ಬೆಳೆಗಾರ ಕಂಗಾಲಾದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕೋಕೋ ಬೆಲೆ ಬಿದ್ದಾಗ ಅದನ್ನೂ ಕೊಳ್ಳಲು ನಿಂತು 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಇದೆಲ್ಲ ರೈತ ಮಾಡಿದ ಕೆಲಸವೇ.

ಆದರೆ ನಮ್ಮ ಎಷ್ಟೋ ಊರುಗಳ ವ್ಯವಸಾಯ ಸೇವಾ ಸಹಕಾರ ಸಂಘಗಳ ಗತಿ ನಿಮಗೆ ಗೊತ್ತಿಲ್ಲವೇ? ಚುನಾವಣೆ ಬಂತೆಂದರೆ ಎರಡು ಪಕ್ಷಗಳ ಬಾವುಟ. ಸಾಲ ಮನ್ನಾದ ಪಟ್ಟಿಯಲ್ಲಿ ಯಾರ ಹೆಸರು, ಗೊಬ್ಬರದ ಲೋಡು ಯಾರ ಮನೆ ಮುಂದೆ ಇಳಿಯಿತು, ಇದೇ ಐದು ವರ್ಷದ ಚರ್ಚೆ. ಮಂಡಳಿಯನ್ನು ಬರಖಾಸ್ತು ಮಾಡಿ ಆಡಳಿತಾಧಿಕಾರಿಯನ್ನು ಕೂರಿಸುವ ಅಧಿಕಾರ ಸರ್ಕಾರದ ಇಲಾಖೆಯ ಕೈಯಲ್ಲಿ. ಕಂಪನಿಯಲ್ಲಿ ಇಲಾಖೆಯ ಈ ಕೈ ಇಲ್ಲ. ಅದೇ ಅದರ ದೊಡ್ಡ ಆಕರ್ಷಣೆ.

ಆದರೂ ಒಂದು ಮಾತು ಮರೆಯಬೇಡಿ. ಕ್ಯಾಂಪ್ಕೊ ನಿಂತದ್ದು ನೋಂದಣಿ ಪತ್ರದ ಬಲದಿಂದಲ್ಲ, ಬೆಳೆಗಾರ ತನ್ನ ಅಡಿಕೆಯನ್ನು ಅಲ್ಲಿಗೆ ತಂದು ಸುರಿದದ್ದರಿಂದ. ಹಾಲಿನ ಸಂಘ ನಡೆಯುವುದು ಬೆಳಗ್ಗೆ ಸಂಜೆ ಹೆಣ್ಣುಮಕ್ಕಳು ಹಾಲಿನ ಕ್ಯಾನು ಹಿಡಿದು ಹೋಗುವುದರಿಂದ. ಮಾಲು ಬಾರದ ಸಂಘವೂ ಬೋರ್ಡು, ಮಾಲು ಬಾರದ ಕಂಪನಿಯೂ ಬೋರ್ಡು.

ದುಡ್ಡಿನ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. 2020ರ ಫೆಬ್ರವರಿ 29ರಂದು ಚಿತ್ರಕೂಟದಲ್ಲಿ ಪ್ರಧಾನಿಯವರು 10,000 ರೈತ ಉತ್ಪಾದಕರ ಸಂಸ್ಥೆ ಕಟ್ಟುವ ಯೋಜನೆಗೆ ಚಾಲನೆ ಕೊಟ್ಟರು. ಅದಕ್ಕೆ ಇಟ್ಟ ಹಣ 6,865 ಕೋಟಿ ರೂಪಾಯಿ. ಬಯಲುಸೀಮೆಯಲ್ಲಿ ಒಂದು ಸಂಸ್ಥೆಗೆ ಕನಿಷ್ಠ 300 ಸದಸ್ಯರು ಇರಬೇಕು. ಆಡಳಿತ ಖರ್ಚಿಗೆ ಮೂರು ವರ್ಷಕ್ಕೆ 18 ಲಕ್ಷದವರೆಗೆ ಸಹಾಯ. ಸದಸ್ಯ ಹಾಕಿದ ಷೇರು ಹಣಕ್ಕೆ ಸಮನಾಗಿ ತಲೆಗೆ 2,000 ರೂಪಾಯಿವರೆಗೆ, ಒಟ್ಟು 15 ಲಕ್ಷ ಮೀರದಂತೆ ಅನುದಾನ. ಈ ಸಂಸ್ಥೆಗಳನ್ನು ಕಟ್ಟಿ ಕೈಹಿಡಿದು ನಡೆಸಲು ನೇಮಕವಾದ ಏಜೆನ್ಸಿಗಳಿಗೆ, ಒಂದೊಂದು ಸಂಸ್ಥೆಯ ಲೆಕ್ಕದಲ್ಲಿ ಐದು ವರ್ಷಕ್ಕೆ 25 ಲಕ್ಷದವರೆಗೆ. ಗಮನಿಸಿ: ರೈತರ ಕಂಪನಿ ನಡೆಸಲು 18, ಅದನ್ನು ಕಟ್ಟಿಸಲು ಬಂದವರಿಗೆ 25. ದೇವರ ನೈವೇದ್ಯಕ್ಕಿಂತ ಪೂಜಾರಿಯ ದಕ್ಷಿಣೆಯೇ ಹೆಚ್ಚು.

300 ಜನ ತಲಾ 2,000 ಹಾಕಿದರೆ 6 ಲಕ್ಷ. ಸರ್ಕಾರದ 6 ಲಕ್ಷ ಸೇರಿದರೆ 12 ಲಕ್ಷ. ಕೇಳುವುದಕ್ಕೆ ದೊಡ್ಡ ಮೊತ್ತ. ಆದರೆ ಇದರಲ್ಲಿ ಎಷ್ಟು ರಾಗಿ ಕೊಳ್ಳಬಹುದು? 2025-26ಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಆ ಬೆಲೆಗೆ ಕೊಂಡರೆ 12 ಲಕ್ಷಕ್ಕೆ ಬರುವುದು ಸುಮಾರು 245 ಕ್ವಿಂಟಾಲು. 300 ಸದಸ್ಯರಿಗೆ ಹಂಚಿ ನೋಡಿ. ಒಬ್ಬೊಬ್ಬರಿಂದ ಒಂದು ಕ್ವಿಂಟಾಲೂ ಇಲ್ಲ, 82 ಕಿಲೋ! ಒಂದು ಮೂಟೆ ಕೊಳ್ಳುವ ಹೊತ್ತಿಗೆ ಕಂಪನಿಯ ಪೆಟ್ಟಿಗೆ ಖಾಲಿ. ಮಿಕ್ಕ ರಾಗಿ ಎಲ್ಲಿಗೆ ಹೋಗಬೇಕು? ಹಳೇ ಮಂಡಿಗೇ.

ಇದಕ್ಕೆ ಕಾಯಿದೆಯಲ್ಲೇ ಒಂದು ದಾರಿ ಇದೆ. ಸದಸ್ಯನ ಮಾಲಿಗೆ ಪೂರ್ತಿ ಹಣವನ್ನು ಅಂದೇ ಕೊಡಬೇಕೆಂದಿಲ್ಲ. ಒಂದು ಪಾಲು ಕೂಡಲೇ ಕೊಟ್ಟು, ಒಂದು ಪಾಲನ್ನು ತಡೆಹಿಡಿದು, ಮಾಲು ಮಾರಾಟವಾದ ಮೇಲೆ ಹಣವಾಗಿಯೋ ಷೇರಾಗಿಯೋ ಕೊಡಬಹುದು. ಹೀಗೆ ಮಾಡಿದರೆ ಅದೇ 12 ಲಕ್ಷದಲ್ಲಿ ಹೆಚ್ಚು ಮಾಲು ಎತ್ತಬಹುದು, ಹಣವನ್ನು ಒಂದೇ ಸುಗ್ಗಿಯಲ್ಲಿ ನಾಲ್ಕೈದು ಸಲ ತಿರುಗಿಸಬಹುದು. ಆದರೆ ಇದಕ್ಕೆ ಸದಸ್ಯ ಒಂದೆರಡು ತಿಂಗಳು ಕಾಯುವ ಸ್ಥಿತಿಯಲ್ಲಿರಬೇಕು, ಕಂಪನಿಯ ಮೇಲೆ ಅವನಿಗೆ ನಂಬಿಕೆ ಇರಬೇಕು. ನಂಬಿಕೆಯನ್ನು ಯಾವ ರಿಜಿಸ್ಟ್ರಾರೂ ಕಳಿಸಿಕೊಡುವುದಿಲ್ಲ.

ಇನ್ನೊಂದು ಲೆಕ್ಕ. 18 ಲಕ್ಷ ಮೂರು ವರ್ಷಕ್ಕೆ ಅಂದರೆ ವರ್ಷಕ್ಕೆ 6 ಲಕ್ಷ, ತಿಂಗಳಿಗೆ 50 ಸಾವಿರ. ಕಾರ್ಯನಿರ್ವಾಹಕನ ಸಂಬಳ, ಲೆಕ್ಕ ಬರೆಯುವವನ ಸಂಬಳ, ಕಚೇರಿ ಬಾಡಿಗೆ, ಓಡಾಟ, ಆಡಿಟರ ಫೀಜು, ಎಲ್ಲ ಇದರಲ್ಲೇ. ನಾಲ್ಕನೇ ವರ್ಷ ಈ ನಲ್ಲಿ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ಕ್ವಿಂಟಾಲಿಗೆ 50 ರೂಪಾಯಿ ಕಂಪನಿಗೆ ಉಳಿಯುತ್ತದೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 6 ಲಕ್ಷ ಹುಟ್ಟಬೇಕಾದರೆ 12,000 ಕ್ವಿಂಟಾಲು ವ್ಯಾಪಾರ ಆಗಬೇಕು. 300 ಸದಸ್ಯರಾದರೆ ಒಬ್ಬೊಬ್ಬರು 40 ಕ್ವಿಂಟಾಲು ತರಬೇಕು. ಮಳೆ ನಂಬಿ ರಾಗಿ ಬೆಳೆಯುವ ನಮ್ಮ ಮೂರೆಕರೆ, ನಾಲ್ಕೆಕರೆಯವರಿಂದ ಇದು ಆಗುವ ಮಾತೇ? 750 ಸದಸ್ಯರಾದರೆ ತಲೆಗೆ 16 ಕ್ವಿಂಟಾಲು. ಇದು ಕಷ್ಟವಾದರೂ ಕೈಗೆಟುಕುವ ಲೆಕ್ಕ. ಬಿತ್ತನೆ ಬೀಜ, ಗೊಬ್ಬರದ ವ್ಯಾಪಾರವನ್ನೂ ಸೇರಿಸಿದರೆ ಇನ್ನಷ್ಟು ಹಗುರ. ನಿಮ್ಮ ಬೆಳೆ ಯಾವುದೋ, ನಿಮ್ಮ ಸೀಮೆಯ ಇಳುವರಿ ಎಷ್ಟೋ, ಆ ಅಂಕಿ ಹಾಕಿ ನೀವೇ ಗುಣಿಸಿ ನೋಡಿ. ಈ ಲೆಕ್ಕಕ್ಕೆ ಹೈಸ್ಕೂಲು ಓದೂ ಬೇಕಿಲ್ಲ, ಕಣದಲ್ಲಿ ಚೀಲ ಎಣಿಸಿದ ಅನುಭವ ಸಾಕು.

ಮಂಡಿಯ ಮುಂಗಡ

ಇಷ್ಟು ಲೆಕ್ಕ ಸರಿಹೋದರೂ ಒಂದು ಗಂಟು ಉಳಿಯುತ್ತದೆ. ಜೀಪಿನಲ್ಲಿ ಬಂದವರ ಭಾಷಣದಲ್ಲಿ ಅದು ಬರುವುದಿಲ್ಲ. ನಮ್ಮ ಬೆಳೆ ಕಣಕ್ಕೆ ಬರುವ ಮುಂಚೆಯೇ ಮಾರಾಟವಾಗಿರುತ್ತದೆ. ಮಗಳ ಮದುವೆಗೆ, ಬೋರ್‌ವೆಲ್ಲಿಗೆ, ಆಸ್ಪತ್ರೆಗೆ ಮಂಡಿಯವರ ಹತ್ತಿರ ಮುಂಗಡ ತಂದಿರುತ್ತೇವೆ. ತಂದ ಮೇಲೆ ಮಾಲನ್ನು ಅವರ ಮಂಡಿಗೇ ಹಾಕಬೇಕು. ಅವರು ಹೇಳಿದ್ದೇ ದರ, ಅವರು ಹಿಡಿದದ್ದೇ ತೂಕ. ಹಮಾಲಿ, ಕಮಿಷನ್ನು, ಚೀಲದ ಕಡಿತ ಎಲ್ಲ ಮುರಿದುಕೊಂಡು ಕೊಟ್ಟ ಚೀಟಿಯನ್ನು ಜೇಬಿಗಿಟ್ಟುಕೊಂಡು ಬರುತ್ತೇವೆ. ಇಂಥವನು ಕಂಪನಿಯ ಸದಸ್ಯನಾದರೆ ಏನಾಯಿತು? ಷೇರು ಸರ್ಟಿಫಿಕೇಟು ಕಂಪನಿಯದು, ಮಾಲು ಮಂಡಿಯದು.

ನಮ್ಮ ಕಡೆ ಹಾಗೇ ಆದ ಒಂದು ಕಂಪನಿಯನ್ನು ಹತ್ತಿರದಿಂದ ನೋಡಿದ್ದೇನೆ. ಅದರ ಹೆಸರು ಇಲ್ಲಿ ಬೇಡ. ಗೊಬ್ಬರವನ್ನು ಸದಸ್ಯರಿಗೆ ಉದ್ದರಿ ಕೊಟ್ಟರು. ಸುಗ್ಗಿಯಲ್ಲಿ ಸದಸ್ಯರು ಮಾಲನ್ನು ಮುಂಗಡದ ಋಣಕ್ಕೆ ಮಂಡಿಗೆ ಹೊಡೆದರು. ಗೊಬ್ಬರದ ಬಾಕಿ ವಸೂಲಾಗಲಿಲ್ಲ. ಅನುದಾನ ಮುಗಿದ ವರ್ಷ ಕಾರ್ಯನಿರ್ವಾಹಕ ಬೇರೆ ಕೆಲಸ ಹುಡುಕಿಕೊಂಡು ಹೋದ. ಉಳಿದದ್ದು ಒಂದು ಬೀಗ, ಒಂದು ತೂಕದ ಯಂತ್ರ, ಮತ್ತು ನಿರ್ದೇಶಕರ ಮನೆಗೆ ಬಂದ ನೋಟೀಸು.

ಆದ್ದರಿಂದ ಕಂಪನಿ ಮಾಡುವ ಊರಿನವರು ಮೊದಲು ಬರೆಯಬೇಕಾದ ಪಟ್ಟಿ ಸದಸ್ಯರದ್ದಲ್ಲ, ಮುಂಗಡದ್ದು. ಯಾರು ಯಾವ ಮಂಡಿಗೆ ಎಷ್ಟು ಸಿಕ್ಕಿಬಿದ್ದಿದ್ದಾರೆ? ಯಾರ ಬೆಳೆ ಸ್ವತಂತ್ರವಾಗಿದೆ? ಕಂಪನಿ ತನ್ನ ವ್ಯವಹಾರಕ್ಕೆ ಸಂಬಂಧಪಟ್ಟಂತೆ ಸದಸ್ಯನಿಗೆ ಆರು ತಿಂಗಳವರೆಗೆ ಉದ್ದರಿ ಕೊಡಲು, ಭದ್ರತೆಯ ಮೇಲೆ ಏಳು ವರ್ಷದವರೆಗೆ ಸಾಲ ಕೊಡಲು ಕಾಯಿದೆಯಲ್ಲಿ ಅವಕಾಶ ಇದೆ. ಮುಂಗಡದಿಂದ ರೈತನನ್ನು ಬಿಡಿಸಲು ಇದನ್ನು ಬಳಸಬಹುದು. ಆದರೆ ಅದಕ್ಕೆ ಸ್ವಂತ ಬಂಡವಾಳ ಬೆಳೆದಿರಬೇಕು. ಸಾಲ ತಂದು ಸಾಲ ಕೊಡಲು ಹೊರಟರೆ ಸಾಹುಕಾರನ ಹೆಸರು ಬದಲಾಗುತ್ತದೆ ಅಷ್ಟೇ, ಸಾಲ ಅಲ್ಲೇ ಇರುತ್ತದೆ.

ಸಹಿಯ ಬೆಲೆ

ಕಂಪನಿಯ ಹೆಸರಿನ ಕೊನೆಗೆ "ಲಿಮಿಟೆಡ್" ಅಂತ ಇರುತ್ತದೆ. ಅಂದರೆ ಕಂಪನಿ ಮುಳುಗಿದರೆ ಸದಸ್ಯನ ಷೇರು ಹಣ ಹೋಗಬಹುದು, ಅವನ ಹೊಲ ಮನೆಗೆ ಕೈ ಹಾಕುವ ಹಾಗಿಲ್ಲ. ಜಪ್ತಿಯ ಕಾಟ ಕಂಡ ನಮ್ಮಂಥವರಿಗೆ ಇದು ಸಣ್ಣ ರಕ್ಷಣೆಯಲ್ಲ. 1980ರ ದಶಕದಲ್ಲಿ ಸಾಲಕ್ಕೆ ಜಪ್ತಿಯಾದ ಸಾಮಾನುಗಳನ್ನು ಮರುಜಪ್ತಿ ಮಾಡಿ ರೈತನ ಮನೆಗೆ ತಂದುಕೊಟ್ಟ ಚಳವಳಿ ನಮ್ಮದು. ಆದರೆ ಬ್ಯಾಂಕಿನವರು ಕಂಪನಿಗೆ ಸಾಲ ಕೊಡುವಾಗ ನಿರ್ದೇಶಕರಿಂದ ಸ್ವಂತ ಜಾಮೀನಿನ ಸಹಿ ಕೇಳಿದರೆ, ನೀವು ಅದಕ್ಕೆ ಸಹಿ ಹಾಕಿದರೆ, ಆ ಸಾಲಕ್ಕೆ ನಿಮ್ಮ ಮಟ್ಟಿಗೆ ಲಿಮಿಟ್ಟು ಇಲ್ಲ. ಕಂಪನಿಯ ಸಾಲ ನಿಮ್ಮ ಪಹಣಿಯ ಬಾಗಿಲಿಗೆ ಬಂತು ಅಂತಲೇ ಅರ್ಥ. ಅಡಮಾನವಿಲ್ಲದೆ ಕೊಡುವ ಸಾಲಕ್ಕೆ 2 ಕೋಟಿ ರೂಪಾಯಿವರೆಗೆ ಖಾತರಿ ಕೊಡುವ ನಿಧಿಯನ್ನು ಕೇಂದ್ರದ ಆ ಯೋಜನೆಯಲ್ಲೇ ಇಟ್ಟಿದ್ದಾರೆ. ಬ್ಯಾಂಕಿನ ಮ್ಯಾನೇಜರು ಸ್ವಂತ ಜಾಮೀನು ಕೇಳಿದರೆ, ಈ ಖಾತರಿ ನಮ್ಮ ಕಂಪನಿಗೆ ಯಾಕೆ ಸಿಗುವುದಿಲ್ಲ ಅನ್ನುವುದನ್ನು ಬರೆದು ಕೊಡಿ ಅಂತ ಕೇಳಿ.

ಕಂಪನಿ ಸಾಲ ತೀರಿಸದೆ 90 ದಿನ ಬಾಕಿ ಉಳಿಸಿಕೊಂಡರೆ ನಿರ್ದೇಶಕನ ಸ್ಥಾನ ಹೋಗುತ್ತದೆ ಅಂತ ಕಾಯಿದೆ ಹೇಳುತ್ತದೆ. ವರ್ಷ ವರ್ಷ ಲೆಕ್ಕಪತ್ರವನ್ನು, ವಾರ್ಷಿಕ ವಿವರವನ್ನು ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ತಡವಾದರೆ ಒಂದೊಂದು ಫಾರಂಗೆ ದಿನಕ್ಕೆ 100 ರೂಪಾಯಿ ಹೆಚ್ಚಿನ ಶುಲ್ಕ. ಎರಡು ಫಾರಂ, ಒಂದು ವರ್ಷ ತಡ, ಅಲ್ಲಿಗೆ 73,000 ರೂಪಾಯಿ! ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರು. ಸಹಕಾರ ಸಂಘದ ಕಡತ ಕಾರ್ಯದರ್ಶಿಯ ಮನೆಯ ಅಟ್ಟದ ಮೇಲೆ ಹತ್ತು ವರ್ಷ ಮಲಗಿದ್ದರೂ ನಡೆದೀತು. ಇಲ್ಲಿ ಕಂಪ್ಯೂಟರು ದಿನ ಎಣಿಸುತ್ತಿರುತ್ತದೆ. "ನಮ್ಮ ಹುಡುಗ ಬೆಂಗಳೂರಲ್ಲಿದ್ದಾನೆ, ಎಲ್ಲ ನೋಡ್ಕೊಳ್ತಾನೆ" ಅನ್ನುವ ಧೈರ್ಯದ ಮೇಲೆ ನಿರ್ದೇಶಕರಾಗಬೇಡಿ. ಊರಿನ ದೊಡ್ಡವರೆಂಬ ಗೌರವಕ್ಕೆ ಕೊಡುವ ಪಂಚೆ ಶಾಲು ಅಲ್ಲ ಅದು.

ಯಾರ ದುಡ್ಡು, ಯಾರ ಮಾತು

ನಾಸಿಕ್ ಜಿಲ್ಲೆಯ ಮೋಹಾಡಿಯಲ್ಲಿ ವಿಲಾಸ್ ಶಿಂದೆಯವರ ಮುಂದಾಳತ್ವದ ಸಹ್ಯಾದ್ರಿ ಎಂಬ ರೈತ ಉತ್ಪಾದಕರ ಕಂಪನಿ ಇದೆ. ದ್ರಾಕ್ಷಿ ಬೆಳೆಗಾರರು ಸೇರಿ ಹೊರದೇಶಕ್ಕೆ ನೇರವಾಗಿ ಹಣ್ಣು ಕಳಿಸುವ ದೊಡ್ಡ ಕಂಪನಿ ಅದು. ನೋಡಿ ಕಲಿಯಬೇಕಾದದ್ದು ಅಲ್ಲಿ ಬಹಳ ಇದೆ. ಹಾಗೆಯೇ ಕೇಳಬೇಕಾದ ಒಂದು ಪ್ರಶ್ನೆಯೂ ಇದೆ. 2022ರಲ್ಲಿ ಅದರ ಅಂಗಸಂಸ್ಥೆಗೆ ಯುರೋಪಿನ ಹೂಡಿಕೆದಾರರಿಂದ 310 ಕೋಟಿ ರೂಪಾಯಿ ಬಂತು. ಉತ್ಪಾದಕರ ಕಂಪನಿಯ ಷೇರನ್ನು ಹೊರಗಿನವರಿಗೆ ಕೊಡುವಂತಿಲ್ಲ, ಆದ್ದರಿಂದ ಅದರ ಕೆಳಗೆ ಇನ್ನೊಂದು ಸಾಧಾರಣ ಕಂಪನಿ, ಅದರಲ್ಲಿ ಹೊರಗಿನ ಹಣ. ಶೀತಲ ಗೋದಾಮು, ಸಂಸ್ಕರಣಾ ಘಟಕ ಕಟ್ಟಬೇಕಾದರೆ ದೊಡ್ಡ ಬಂಡವಾಳ ಬೇಕೇ ಬೇಕು, ನಿಜ. ಆದರೆ ಒಬ್ಬನಿಗೆ ಒಂದು ಓಟು ಎಂಬ ನ್ಯಾಯ ಮೇಲಿನ ಕಂಪನಿಯಲ್ಲಿ ಉಳಿದು, ವ್ಯಾಪಾರವೆಲ್ಲ ಕೆಳಗಿನ ಕಂಪನಿಯಲ್ಲಿ ನಡೆದರೆ, ಓಟಿಗೆ ಬೆಲೆ ಎಲ್ಲಿ ಉಳಿಯಿತು? ಆ ಮಟ್ಟಕ್ಕೆ ಬೆಳೆದ ದಿನ ನಾವೂ ಇದಕ್ಕೆ ಉತ್ತರ ಹುಡುಕಬೇಕಾಗುತ್ತದೆ. ಈಗಲೇ ತಲೆಯಲ್ಲಿಟ್ಟುಕೊಂಡಿರಿ.

ಸರ್ಕಾರದ ದುಡ್ಡಿನದೂ ಹಾಗೆಯೇ. 10,000ನೆಯ ಸಂಸ್ಥೆಯನ್ನು 2025ರ ಫೆಬ್ರವರಿ 24ರಂದು ಬಿಹಾರದ ಭಾಗಲ್ಪುರದಲ್ಲಿ ಉದ್ಘಾಟಿಸಿ, ಗುರಿ ಮುಟ್ಟಿತು ಎಂದರು. ಎಣಿಕೆಯ ಗುರಿ ಮುಟ್ಟಿತು, ಸರಿ. ಅದರಲ್ಲಿ ರೈತನ ಮಾಲು ಎಷ್ಟು ಮಾರಾಟವಾಯಿತು, ರೈತನಿಗೆ ಕ್ವಿಂಟಾಲಿಗೆ ಎಷ್ಟು ಹೆಚ್ಚು ಸಿಕ್ಕಿತು ಅನ್ನುವುದೇ ನಮಗೆ ಬೇಕಾದ ಎಣಿಕೆ. ಇನ್ನು ಮುಂದೆ ಯಾರಾದರೂ ಬಂದು "ಕಂಪನಿ ಮಾಡಿದರೆ ಕೇಂದ್ರದಿಂದ ಲಕ್ಷಗಟ್ಟಲೆ ಬರ್ತದೆ" ಅಂದರೆ, ಯಾವ ಯೋಜನೆ, ಯಾವ ಆದೇಶ, ಅದರ ಪ್ರತಿ ತೋರಿಸಿ ಅಂತ ಕೇಳಿ. ಪ್ರತಿ ತೋರಿಸಿದ ಮೇಲೆ ಮಿಕ್ಕ ಮಾತು.

ಚಳವಳಿ ಬಿಡಬೇಕೇ?

ನಮ್ಮ ಸಂಗಾತಿಗಳಲ್ಲೇ ಕೆಲವರ ಆಕ್ಷೇಪಣೆ ಇದೆ: ರೈತನನ್ನು ವ್ಯಾಪಾರಿ ಮಾಡಿ, ವೈಜ್ಞಾನಿಕ ಬೆಲೆಯ ಬೇಡಿಕೆಯನ್ನೇ ಮರೆಸುವ ಹುನ್ನಾರ ಇದು ಎಂದು. ಈ ಮಾತಿನಲ್ಲಿ ಹುರುಳಿದೆ. ಬೆಲೆ ಕಟ್ಟುವ ಹೊಣೆಯಿಂದ ಸರ್ಕಾರ ಜಾರಿಕೊಂಡು "ನಿಮ್ಮದೇ ಕಂಪನಿ ಇದೆಯಲ್ಲ, ನೀವೇ ಮಾರ್ಕೊಳ್ಳಿ" ಅಂತ ಹೇಳುವ ದಿನ ದೂರವಿಲ್ಲ. ಖರ್ಚಿನ ಮೇಲೆ ಕನಿಷ್ಠ ಶೇಕಡ 50 ಸೇರಿಸಿ ಬೆಲೆ ಕೊಡಿ ಎಂದು ಸ್ವಾಮಿನಾಥನ್ ಆಯೋಗ 2006ರಲ್ಲೇ ಹೇಳಿತ್ತು. ಆ ಬೇಡಿಕೆ ಕಂಪನಿಯಿಂದ ಈಡೇರುವುದಿಲ್ಲ. ಪೇಟೆಯ ದರ ಬಿದ್ದರೆ ಕಂಪನಿಯ ದರವೂ ಬೀಳುತ್ತದೆ. ಹತ್ತು ಸಾವಿರ ಕಂಪನಿ ಸೇರಿದರೂ ಆಮದಿನ ಬಾಗಿಲು ಮುಚ್ಚಲು ಆಗುವುದಿಲ್ಲ. ಅದಕ್ಕೆ ಬೀದಿಯೇ ಬೇಕು, ಸಂಘವೇ ಬೇಕು.

ಆದರೆ ತೂಕದ ಮೋಸ, ಕಮಿಷನ್ನು, ಕಳಪೆ ಬೀಜ, ಗೊಬ್ಬರದ ಕಾಳಸಂತೆ, ಇವುಗಳಲ್ಲಿ ನಮ್ಮ ಜೇಬಿನಿಂದ ದಿನವೂ ಹೋಗುತ್ತಿರುವ ದುಡ್ಡನ್ನು ತಡೆಯಲು ಹೋರಾಟದ ತೀರ್ಪಿಗೆ ಕಾಯಬೇಕೇ? ಅದನ್ನು ನಾವೇ ಒಟ್ಟುಗೂಡಿ ತಡೆಯಬಹುದು. ಸಂಘ ಬೆಲೆಗಾಗಿ ಹೋರಾಡಲಿ, ಕಂಪನಿ ತೂಕವನ್ನು ಕಾಯಲಿ. ಎರಡರ ಪೆಟ್ಟಿಗೆ ಮಾತ್ರ ಬೇರೆ ಬೇರೆ ಇರಲಿ. ಸಂಘದ ಪದಾಧಿಕಾರಿಯೇ ಕಂಪನಿಯ ಅಧ್ಯಕ್ಷನೂ ಆದರೆ, ಕಂಪನಿಯ ಬಾಕಿ ಕೇಳಲು ಹೋದ ದಿನ ಸಂಘ ಒಡೆಯುತ್ತದೆ.

ಸಹಿ ಹಾಕುವ ಮುನ್ನ

ಇಷ್ಟೆಲ್ಲ ಹೇಳಿದ ಮೇಲೆ, ಏನು ಮಾಡಬೇಕು ಅನ್ನುವುದನ್ನೂ ಹೇಳಬೇಕಾದದ್ದು ಧರ್ಮ.

1. ಮೊದಲು ನೋಂದಣಿ ಅಲ್ಲ, ಮೊದಲು ಒಂದು ಸುಗ್ಗಿ. ಹತ್ತಿಪ್ಪತ್ತು ಮನೆಯವರು ಸೇರಿ ಒಂದು ಲಾರಿ ಮಾಲನ್ನು ಒಟ್ಟಿಗೆ ತೂಗಿ, ಒಟ್ಟಿಗೆ ಮಾರಿ, ಲೆಕ್ಕವನ್ನು ದೇವಸ್ಥಾನದ ಮುಂದೆ ಓದಿ ಹೇಳಿ. ಜಗಳವಿಲ್ಲದೆ ಒಂದು ಲಾರಿ ಮಾರಲಾಗದವರು ಕಂಪನಿ ನಡೆಸಲಾರರು.

2. ಷೇರು ಹಣವನ್ನು ಕೈಯಿಂದಲೇ ಹಾಕಿ. ಗೊಬ್ಬರದ ಬಿಲ್ಲಿನಲ್ಲಿ ಮುರಿದುಕೊಂಡದ್ದು, ಯಾರೋ ನಿಮ್ಮ ಪರವಾಗಿ ಕಟ್ಟಿದ್ದು ಷೇರಲ್ಲ. ಸ್ವಂತ ದುಡ್ಡು ಹಾಕಿದವನು ಮಾತ್ರ ಸಭೆಯಲ್ಲಿ ಲೆಕ್ಕ ಕೇಳುತ್ತಾನೆ.

3. ನಿಯಮಾವಳಿಯನ್ನು ಕನ್ನಡದಲ್ಲಿ ಬರೆಸಿಕೊಂಡು ಗಟ್ಟಿಯಾಗಿ ಓದಿಸಿ. ಒಂದು ಹಂಗಾಮಿನಲ್ಲಿ ಎಷ್ಟು ಮಾಲು ಹಾಕಿದವನು ಸಕ್ರಿಯ ಸದಸ್ಯ, ಡಿವಿಡೆಂಡಿನ ಮಿತಿ ಎಷ್ಟು, ತಡೆಹಿಡಿದ ಹಣ ಎಷ್ಟು ದಿನದಲ್ಲಿ ಕೊಡಬೇಕು ಅನ್ನುವುದೆಲ್ಲ ಅಲ್ಲೇ ತೀರ್ಮಾನವಾಗುವುದು.

4. ಕಾರ್ಯನಿರ್ವಾಹಕ ಸದಸ್ಯರಲ್ಲದವನೇ ಆಗಿರಬೇಕೆಂದು ಕಾಯಿದೆ ಇದೆ. ಆದರೆ ಅವನನ್ನು ಆರಿಸಬೇಕಾದದ್ದು ಮಂಡಳಿ. ಏಜೆನ್ಸಿ ಕಳಿಸಿದ ಹುಡುಗನನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಚೆಕ್ಕಿಗೆ ಅವನೊಬ್ಬನ ಸಹಿ ಬೇಡ.

5. ನಿರ್ದೇಶಕರು 5ರಿಂದ 15 ಜನ ಇರಬಹುದು. ಒಂದೇ ಜಾತಿಯ, ಒಂದೇ ಕೇರಿಯ ಮಂಡಳಿ ಮಾಡಬೇಡಿ. ಹೊಲದಲ್ಲಿ ದುಡಿದೂ ಪಹಣಿಯಲ್ಲಿ ಹೆಸರಿಲ್ಲದ ಹೆಣ್ಣುಮಕ್ಕಳನ್ನು ಬೆಳೆಗಾರರೆಂದು ತೋರಿಸಿ ಸದಸ್ಯರನ್ನಾಗಿ ಮಾಡಿ. ಹಾಲಿನ ಲೆಕ್ಕ ಇಟ್ಟವರಿಗೆ ರಾಗಿಯ ಲೆಕ್ಕ ಕಷ್ಟವಲ್ಲ.

6. ನೋಂದಣಿಯಾದ 90 ದಿನದೊಳಗೆ ಮೊದಲ ಮಹಾಸಭೆ ಆಗಲೇಬೇಕು. ಮಹಾಸಭೆಗೆ ಒಟ್ಟು ಸದಸ್ಯರಲ್ಲಿ ಕಾಲು ಭಾಗ ಬಂದರೆ ಮಾತ್ರ ಕೋರಂ. 300 ಸದಸ್ಯರಲ್ಲಿ 75 ಜನ. ಈ 75 ಜನ ನಿಜವಾಗಿ ಬಂದು ಕೂತಿದ್ದಾರೋ, ಪುಸ್ತಕ ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂತೋ, ನೋಡಿ.

7. ಸ್ವಂತ ಜಾಮೀನಿನ ಕಾಗದ ಮುಂದಿಟ್ಟರೆ, ಮನೆಗೆ ಹೋಗಿ ಹೆಂಡತಿ ಮಕ್ಕಳ ಮುಂದೆ ಓದದೆ ಸಹಿ ಹಾಕಬೇಡಿ.

ಬಾಂಧವರೇ, ನೋಂದಣಿಯ ಅರ್ಜಿ ಈಗ ಕಂಪ್ಯೂಟರಿನಲ್ಲೇ ಹೋಗುತ್ತದೆ. ಪಟ್ಟಣದಲ್ಲಿ ಫೀಜು ಕೊಟ್ಟರೆ ಚಾರ್ಟರ್ಡ್ ಅಕೌಂಟೆಂಟರು ಎಲ್ಲ ಮಾಡಿಕೊಡುತ್ತಾರೆ. ಮುದ್ರೆ ಇರುವ ಪತ್ರ ಬರುತ್ತದೆ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು. ಅದು ಬಂದ ದಿನ ಕಂಪನಿ ಹುಟ್ಟಿತು ಅಂತ ಕಾಯಿದೆ ಹೇಳುತ್ತದೆ. ನಾನು ಹಾಗೆ ಹೇಳುವುದಿಲ್ಲ. ಮಂಡಿಯವನು ಕ್ವಿಂಟಾಲಿಗೆ ಐವತ್ತು ರೂಪಾಯಿ ಹೆಚ್ಚು ಕೊಡುತ್ತೇನೆಂದು ಆಸೆ ಹಚ್ಚಿದ ದಿನವೂ ನಿಮ್ಮ ಗಾಡಿ ಕಂಪನಿಯ ತಕ್ಕಡಿಯ ಮುಂದೆ ನಿಂತರೆ, ಅವತ್ತು ಕಂಪನಿ ಹುಟ್ಟಿತು. ಆ ಐವತ್ತು ರೂಪಾಯಿ ನಾವು ಇರುವವರೆಗೆ ಮಾತ್ರ, ನಾವು ಮುಚ್ಚಿದ ಮರುದಿನ ಅವನ ದರ ಏನಾಗುತ್ತದೆಂದು ನಿಮಗೆ ಗೊತ್ತು.

ನಿಮ್ಮ ಊರಿನಲ್ಲಿ ಕೂತು ಲೆಕ್ಕ ಹಾಕಿ. ಲೆಕ್ಕ ಕೂಡಿಬಂದರೆ ಧೈರ್ಯವಾಗಿ ಕಟ್ಟಿ. ಕೂಡಿಬಾರದಿದ್ದರೆ ಜೀಪಿನವರಿಗೆ ಮಜ್ಜಿಗೆ ಕೊಟ್ಟು ಕಳಿಸಿಬಿಡಿ.